ಅಲ್ಪವಿರಾಮಗಳ ನಡುವೆ ಭಾಲ್ಕಿ

ಜಿಪಿಎಸ್ ಬಗ್ಗೆ ನಾವು ಆಡುವ ಹೊಗಳಿಕೆ ಎರಡು ಕಡೆ ಹಂಚಿಹೋಗುತ್ತದೆ. ಒಂದು ಪಾಲು ಮೇಲಿರುವ ಉಪಗ್ರಹಗಳಿಗೆ, ಇನ್ನೊಂದು ಪಾಲು ಕಣ್ಣೆದುರಿನ ಬಣ್ಣದ ನಕ್ಷೆಗೆ. ಬೈಗುಳ ಮಾತ್ರ ನಡುವಿನ ಕೇಬಲ್ಲಿಗೆ. ಆ ಕೇಬಲ್ಲಿನೊಳಗೆ ಸೆಕೆಂಡಿಗೊಮ್ಮೆ ಹರಿದುಹೋಗುವ ಸಾಲನ್ನು ಯಾರೂ ಓದುವುದಿಲ್ಲ. ಎನ್‌ಎಂಇಎ 0183 ಎಂಬ ಮಾನಕದ ಆ ಸಾಲು ಹಳೆಯದಾಯಿತು, ಅದರ ಕಾಲ ಮುಗಿಯಿತು ಎಂದು ತಳ್ಳಿಹಾಕುವುದು ಈಗ ಜಾಣತನವೆನಿಸಿಕೊಂಡಿದೆ. ನನ್ನ ನಿಲುವು ಇದಕ್ಕೆ ತೀರಾ ವಿರುದ್ಧ. ಕಳೆದ ನಲವತ್ತು ವರ್ಷಗಳಲ್ಲಿ ಯಂತ್ರಗಳಿಗಾಗಿ ಬರೆದ ಬರಹದಲ್ಲಿ ಮನುಷ್ಯ ಓದಬಲ್ಲಂಥ, ಓದಿ ತಪ್ಪು ಹಿಡಿಯಬಲ್ಲಂಥ ರಚನೆ ಇದಕ್ಕಿಂತ ಉತ್ತಮವಾದದ್ದು ನನಗೆ ಕಂಡಿಲ್ಲ. ಅದನ್ನು ಓದದೆ ಮಾಡುವ ದುರಸ್ತಿಯೆಲ್ಲ ಬರೀ ಅಂದಾಜಿನ ಕೆಲಸ.

ಬೀದರಿನಲ್ಲಿ ಕೂತು ದೋಣಿಯ ತಂತ್ರಾಂಶದ ಮಾತೇಕೆ ಎಂದು ಕೇಳುವವರಿದ್ದಾರೆ. ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯವನ್ನು ಅವರು ಮರೆತಿರಬೇಕು. 7.69 ಟಿಎಂಸಿ ಎಂದು ನಾವು ಹೇಳಿಕೊಂಡು ಬರುವ ಆ ಕೆರೆಯಲ್ಲಿ ಇವತ್ತು ಎಷ್ಟು ನೀರು, ಎಷ್ಟು ಹೂಳು ಎಂಬ ಪ್ರಶ್ನೆಗೆ ಉತ್ತರ ದಂಡೆಯ ಮೇಲೆ ನಿಂತರೆ ಸಿಗುವುದಿಲ್ಲ. ದೋಣಿ ಇಳಿಸಬೇಕು, ಎಕೋ ಸೌಂಡರಿನಿಂದ ಆಳ ಅಳೆಯಬೇಕು, ಆ ಆಳ ಯಾವ ಜಾಗದ್ದು ಎಂಬುದನ್ನು ಜಿಪಿಎಸ್‌ನಿಂದ ಲ್ಯಾಪ್‌ಟಾಪಿಗೆ ಒಪ್ಪಿಸಬೇಕು. ಜಾಗ ತಪ್ಪಿದರೆ ಆಳವೂ ತಪ್ಪು. ಮಾಂಜ್ರಾ ಉಕ್ಕಿ ಔರಾದ್, ಭಾಲ್ಕಿಯ ನದಿದಂಡೆಯ ಊರುಗಳಿಗೆ ರಕ್ಷಣಾ ದೋಣಿ ಹೋಗಬೇಕಾದಾಗಲೂ ಕೆಲಸಕ್ಕೆ ಬರುವುದು ಇದೇ ಜೋಡಣೆ. ಮಲ್ಪೆ, ಕಾರವಾರದ ದೋಣಿಗಳಲ್ಲಿರುವ ವ್ಯವಸ್ಥೆಗೂ ಇದಕ್ಕೂ ಮೂಲದಲ್ಲಿ ಏನೂ ವ್ಯತ್ಯಾಸವಿಲ್ಲ.

ಮಾನಕದ ಹುಟ್ಟು ಬಲ್ಲವರಿಗೆ ಗೊತ್ತು: 1957ರಲ್ಲಿ ಅಮೆರಿಕದ ಹಡಗು-ಎಲೆಕ್ಟ್ರಾನಿಕ್ಸ್ ವ್ಯಾಪಾರಿಗಳು ಕಟ್ಟಿಕೊಂಡ ಸಂಘ, 1983ರ ಮಾನಕ, ಸೆಕೆಂಡಿಗೆ 4800 ಬಿಟ್ ವೇಗ. ಅದನ್ನು ಬಿಟ್ಟು ನೇರವಾಗಿ ಸಾಲಿಗೆ ಬರೋಣ. ಭಾಲ್ಕಿಯಲ್ಲಿ ನಿಂತ ರಿಸೀವರಿನಿಂದ ಮಧ್ಯಾಹ್ನ ಹೊರಡುವ ಸಾಲು, ರೋಮನ್ ಅಕ್ಷರಗಳನ್ನು ಕನ್ನಡಕ್ಕೆ ತಂದರೆ, ಹೆಚ್ಚುಕಡಿಮೆ ಹೀಗಿರುತ್ತದೆ:

$ಜಿಪಿಜಿಜಿಎ,063412,1802.400,ಎನ್,07712.600,ಇ,1,08,1.1,…

ಮೊದಲ ಎರಡಕ್ಷರ ಮಾತಾಡುತ್ತಿರುವವರು ಯಾರು ಎಂದು ಹೇಳುತ್ತವೆ. ಜಿಪಿ ಎಂದರೆ ಅಮೆರಿಕದ ಜಿಪಿಎಸ್, ಜಿಎಲ್ ರಷ್ಯದ ಗ್ಲೋನಾಸ್, ಜಿಐ ನಮ್ಮ ನಾವಿಕ್, ಹಲವನ್ನು ಬೆರೆಸಿದ್ದಾದರೆ ಜಿಎನ್. ಮೊದಲ ಅಲ್ಪವಿರಾಮದ ಆಚೆಯದು ಸಮಯ, ಅದೂ ಗ್ರೀನಿಚ್ ಕಡೆಯ ಸಮಯ. ಐದೂವರೆ ಗಂಟೆ ಕೂಡಿಸಿದರೆ ನಮ್ಮ ಮಧ್ಯಾಹ್ನದ 12 ಗಂಟೆ 4 ನಿಮಿಷ. ಇಷ್ಟನ್ನು ಯಾರಾದರೂ ಬೇಗ ಓದಿ ಮುಂದೆ ಹೋಗುತ್ತಾರೆ. ಎಡವುವುದು ಮುಂದಿನ ಎರಡು ಸಂಖ್ಯೆಗಳಲ್ಲಿ, ನಾನು ನಿಲ್ಲಬೇಕೆಂದಿರುವುದೂ ಅಲ್ಲೇ.

1802.400 ಎಂಬುದು 18.024 ಡಿಗ್ರಿ ಅಲ್ಲ. ಅದು 18 ಡಿಗ್ರಿ, 2.4 ಮಿನಿಟು, ಅಂದರೆ 18.04 ಡಿಗ್ರಿ. ಡಿಗ್ರಿ, ಮಿನಿಟು ಎರಡನ್ನೂ ನಡುವೆ ಚುಕ್ಕೆಯಿಲ್ಲದೆ ಅಂಟಿಸಿ ಬರೆದಿದ್ದಾರೆ. ಹಡಗಿನವರು ಕಾಗದದ ಚಾರ್ಟಿನ ಮೇಲೆ ಡಿಗ್ರಿ-ಮಿನಿಟುಗಳಲ್ಲಿ ಗುರುತು ಹಾಕುತ್ತಿದ್ದ ರೂಢಿಯನ್ನೇ ಮಾನಕ ಉಳಿಸಿಕೊಂಡಿತು. ಹೆಸರಾಂತ ತಂತ್ರಾಂಶಗಳು ಇದನ್ನು ಸರಿಯಾಗಿಯೇ ಓದುತ್ತವೆ. ಆದರೆ ಸಾಲನ್ನು ಎಕ್ಸೆಲ್ ಹಾಳೆಗೆ ತಂದು ಆಳದ ಲೆಕ್ಕಕ್ಕೆ ಜೋಡಿಸುವಾಗ, ಕಾಲೇಜಿನ ಹುಡುಗರು ಪ್ರಾಜೆಕ್ಟಿಗೆಂದು ತಾವೇ ಪ್ರೋಗ್ರಾಂ ಬರೆಯುವಾಗ, ನೂರರಿಂದ ಭಾಗಿಸಿ ಮುಗಿಸಿಬಿಡುವುದು ತೀರಾ ಸುಲಭ. ಹಾಗೆ ಮಾಡಿದರೆ ನಮ್ಮ ಜಿಲ್ಲೆಯಲ್ಲಿ ಏನಾಗುತ್ತದೆ ಎಂದು ನೋಡಿ. ಭಾಲ್ಕಿ ಸುಮಾರು 9 ಕಿ.ಮೀ. ಪಶ್ಚಿಮಕ್ಕೆ ಸರಿಯುತ್ತದೆ. ಔರಾದ್ 21 ಕಿ.ಮೀ. ನೈಋತ್ಯಕ್ಕೆ ಜರುಗಿ ಭಾಲ್ಕಿ ಕಡೆಯ ಹೊಲಗಳಿಗೆ ಬರುತ್ತದೆ. ಬೀದರ್ ಕೋಟೆ ಸುಮಾರು 46 ಕಿ.ಮೀ. ದಾಟಿ ಚಿಂಚೋಳಿ ಸೀಮೆ ಸೇರುತ್ತದೆ. ತಪ್ಪು ಒಂದೇ, ಮೂರು ಊರಿಗೆ ಮೂರು ಬಗೆ. ಮಿನಿಟಿನ ಅಂಕಿ ಚಿಕ್ಕದಿದ್ದಲ್ಲಿ ತಪ್ಪೂ ಚಿಕ್ಕದು, ದೊಡ್ಡದಿದ್ದಲ್ಲಿ ದೊಡ್ಡದು. ಆದ್ದರಿಂದಲೇ ಒಂದು ಊರಿನಲ್ಲಿ ಕಂಡ ತಪ್ಪಿನಷ್ಟು ಇನ್ನೊಂದು ಊರಿನಲ್ಲಿ ಕಳೆದು ಸರಿಪಡಿಸುತ್ತೇನೆ ಎನ್ನುವ ಜಾಣ್ಮೆ ಇಲ್ಲಿ ನಡೆಯುವುದಿಲ್ಲ.

ಇನ್ನೂ ಒಂದಿದೆ. ಬೀದರಿನಿಂದ ಭಾಲ್ಕಿಗೆ ಹೋಗುವವರು ದಾರಿಯಲ್ಲಿ 18ನೇ ಅಕ್ಷಾಂಶವನ್ನು ದಾಟುತ್ತಾರೆ. ಗೆರೆಯ ಈಚೆ ರಿಸೀವರ್ ಹೇಳುವುದು 1759.9, ಆಚೆ ಹೇಳುವುದು 1800.1. ತಪ್ಪಾಗಿ ಓದುವ ಪ್ರೋಗ್ರಾಮಿನಲ್ಲಿ ಅದು 17.599ರಿಂದ ಒಮ್ಮೆಗೇ 18.001ಕ್ಕೆ ಹೋಗುತ್ತದೆ. ಗಾಡಿ ನಾಲ್ಕು ನೂರು ಮೀಟರೂ ಹೋಗಿರುವುದಿಲ್ಲ, ನಕ್ಷೆಯ ಮೇಲಿನ ಚುಕ್ಕೆ 44 ಕಿ.ಮೀ. ನೆಗೆದಿರುತ್ತದೆ. ನೆಗೆದದ್ದನ್ನು ಕಂಡವರು ‘ಸಿಗ್ನಲ್ ಹೋಯ್ತು’ ಎನ್ನುತ್ತಾರೆ, ಮೋಡದ ಕಡೆ ನೋಡುತ್ತಾರೆ, ಆಂಟೆನಾ ಎತ್ತಿ ಕಟ್ಟುತ್ತಾರೆ. ಸಿಗ್ನಲ್ಲಿಗೆ ಏನೂ ಆಗಿಲ್ಲ. ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟು ಓದಿದ್ದರೆ ಚಹಾ ಆರುವುದರೊಳಗೆ ತಪ್ಪು ಸಿಕ್ಕಿಬಿಡುತ್ತಿತ್ತು.

ರೂಢಿಯ ದುರಸ್ತಿಯ ಮೇಲಿನ ನನ್ನ ಮುಖ್ಯ ಆಕ್ಷೇಪ ಇದೇ. ದೋಣಿಯ ಚುಕ್ಕೆ ಕಾಣದಿದ್ದರೆ ಕೇಬಲ್ ಕಿತ್ತು ಹಾಕು, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡು, ಡ್ರೈವರ್ ತೆಗೆದು ಮತ್ತೆ ಹಾಕು, ಆಗಲಿಲ್ಲವೋ ಹೊಸ ರಿಸೀವರ್ ತಾ. ಇದರಲ್ಲಿ ಯಾವುದೋ ಒಂದು ಹೆಜ್ಜೆಗೆ ಕೆಲಸ ಆಗಿಬಿಡುವುದುಂಟು. ಈ ಪದ್ಧತಿಯ ಕೀರ್ತಿಯೆಲ್ಲ ಅಷ್ಟರ ಮೇಲೆಯೇ ನಿಂತಿದೆ. ಯಾವ ಹೆಜ್ಜೆಗೆ, ಯಾಕೆ ಆಯಿತು ಎಂದು ಕೇಳಿದರೆ ಉತ್ತರವಿಲ್ಲ. ಹಾಗಾಗಿ ಮರುದಿನ ನೀರಿನ ನಡುವೆ ಅದೇ ತೊಂದರೆ ಬಂದರೆ ಮತ್ತೆ ಮೊದಲಿನಿಂದ. ಬದಲಿಗೆ, ಬರುತ್ತಿರುವ ಸಾಲುಗಳನ್ನು ತೋರಿಸುವ ಕಿಟಕಿಯನ್ನು ಮೊದಲು ತೆರೆದು ನೋಡಬೇಕು. ಓಪನ್‌ಸಿಪಿಎನ್‌ನಂಥ ಪುಕ್ಕಟೆ ತಂತ್ರಾಂಶದಲ್ಲೂ ಅದಿದೆ. ಅಲ್ಲಿ ಏನೂ ಇಲ್ಲದಿದ್ದರೆ ತೊಂದರೆ ಪೋರ್ಟಿನದು: ಯುಎಸ್‌ಬಿ ತೂತು ಬದಲಾಗಿ ಪೋರ್ಟಿನ ಸಂಖ್ಯೆ ಬದಲಾಗಿರಬಹುದು, ಅಥವಾ ಇನ್ನೊಂದು ಪ್ರೋಗ್ರಾಂ ಆ ಪೋರ್ಟನ್ನು ಮೊದಲೇ ಹಿಡಿದು ಕೂತಿರಬಹುದು. ಅರ್ಥವಿಲ್ಲದ ಚಿಹ್ನೆಗಳು ಸುರಿಯುತ್ತಿದ್ದರೆ ವೇಗ ಹೊಂದಿಲ್ಲ, ರಿಸೀವರ್ 9600ರಲ್ಲಿ ಮಾತಾಡುತ್ತಿದೆ, ಲ್ಯಾಪ್‌ಟಾಪ್ 4800ರಲ್ಲಿ ಕೇಳುತ್ತಿದೆ. ಸಾಲುಗಳು ಶುದ್ಧವಾಗಿದ್ದೂ ದೋಣಿ ಕಾಣದಿದ್ದರೆ ಮೊದಲ ಎರಡಕ್ಷರ ನೋಡಿ. ಹೊಸ ರಿಸೀವರ್ ಜಿಎನ್ ಎಂದು ಶುರುಮಾಡುತ್ತದೆ. ಜಿಪಿಯನ್ನಷ್ಟೇ ಬಲ್ಲ ಹಳೆಯ ತಂತ್ರಾಂಶ ಅದನ್ನು ಕೇಳಿಯೂ ಕೇಳದಂತೆ ಬಿಡುತ್ತದೆ. ಎರಡಕ್ಷರದ ಈ ಗೊಂದಲಕ್ಕೆ ರಿಸೀವರನ್ನೇ ಬದಲಾಯಿಸುವುದು ದುಡ್ಡಿನ ಹಾಳು.

ಇಕ್ಕಟ್ಟಿನ ಇನ್ನೊಂದು ಪ್ರಸಂಗ ವಿಂಡೋಸಿನದು. ಲ್ಯಾಪ್‌ಟಾಪ್ ಶುರುವಾಗುವಾಗಲೇ ರಿಸೀವರ್ ಚುಚ್ಚಿಕೊಂಡಿದ್ದರೆ, ಸೀರಿಯಲ್ ಪೋರ್ಟಿನಿಂದ ಎಡೆಬಿಡದೆ ಬರುವ ಅಕ್ಷರಗಳನ್ನು ವಿಂಡೋಸ್ ಒಮ್ಮೊಮ್ಮೆ ಹಳೆಯ ಕಾಲದ ಬಾಲ್‌ಪಾಯಿಂಟ್ ಮೌಸ್ ಎಂದು ತಿಳಿದುಬಿಡುತ್ತದೆ. ತೆರೆಯ ಮೇಲಿನ ಬಾಣ ತಾನಾಗಿ ಕುಣಿಯತೊಡಗುತ್ತದೆ, ಕಿಟಕಿಗಳು ತೆರೆದು ಮುಚ್ಚುತ್ತವೆ, ಫೈಲುಗಳು ಎಳೆದಾಡಲ್ಪಡುತ್ತವೆ. ನೋಡಿದವರು ವೈರಸ್ ಎಂದು ಲ್ಯಾಪ್‌ಟಾಪನ್ನೇ ಫಾರ್ಮ್ಯಾಟ್ ಮಾಡಿಸುತ್ತಾರೆ, ಹಿಂದಿನ ದಿನಗಳ ಅಳತೆಯೂ ಅಳಿದುಹೋಗುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಆ ಸುಳ್ಳು ಮೌಸನ್ನು ನಿಷ್ಕ್ರಿಯಗೊಳಿಸಿದರೆ ಮುಗಿಯಿತು. ಒಳಗೆ ಬರುತ್ತಿರುವುದು ಅಕ್ಷರಗಳ ಸಾಲು ಎಂದು ಅರಿತವರಿಗೆ ಮಾತ್ರ ಇದು ಹೊಳೆಯುತ್ತದೆ.

ಈ ಮಾನಕವನ್ನು ಹಳಿಯುವವರ ಮಾತಿಗೆ ಈಗ ಬರುತ್ತೇನೆ. ಒಂದು ಗುಂಪು ಎನ್‌ಎಂಇಎ 2000ರ ಭಕ್ತರದು. ಸೆಕೆಂಡಿಗೆ ಎರಡೂವರೆ ಲಕ್ಷ ಬಿಟ್ ಹರಿಯುವ, ಹಲವು ಯಂತ್ರಗಳು ಒಂದೇ ತಂತಿಗೆ ಜೋಡಿಸಿಕೊಳ್ಳುವ ಹೊಸ ವ್ಯವಸ್ಥೆ ಇರುವಾಗ ಈ ಮುದುಕನನ್ನು ಯಾಕೆ ಹೊತ್ತು ತಿರುಗಬೇಕು ಎಂಬುದು ಅವರ ವಾದ. ವೇಗದ ಮಾತು ನಿಜ. ಆದರೆ ಆ ತಂತಿಯಲ್ಲಿ ಹರಿಯುವುದನ್ನು ಬರಿಗಣ್ಣಿನಿಂದ ಓದುವಂತಿಲ್ಲ. ಓದಲು ಬೇರೆ ಉಪಕರಣ ಬೇಕು, ಆ ಉಪಕರಣ ಹೇಳಿದ್ದನ್ನು ನಂಬಬೇಕು, ಅರ್ಥ ತಿಳಿಯಲು ದುಡ್ಡು ಕೊಟ್ಟು ಕೈಪಿಡಿ ಕೊಳ್ಳಬೇಕು. ಹಳೆಯ ಮಾನಕದ ಅಧಿಕೃತ ಪ್ರತಿಯೂ ಪುಕ್ಕಟೆಯಲ್ಲ, ಒಪ್ಪುತ್ತೇನೆ. ಆದರೆ ಅದರ ಸಾಲು ಎಷ್ಟು ಬಿಚ್ಚುಮನದ್ದೆಂದರೆ ಪ್ರತಿ ಕೊಳ್ಳದವರೂ ಸಾಲುಗಳನ್ನೇ ನೋಡಿ ಅರ್ಥ ಕಂಡುಕೊಂಡರು. ಎರಿಕ್ ರೇಮಂಡ್ ಜಿಪಿಎಸ್‌ಡಿ ತಂತ್ರಾಂಶಕ್ಕಾಗಿ ಸಿದ್ಧಪಡಿಸಿದ ಟಿಪ್ಪಣಿ ಹಾಗೆ ಕೂಡಿದ ತಿಳಿವಳಿಕೆಯೇ. ಹೊಸ ವ್ಯವಸ್ಥೆ ಕೈಕೊಟ್ಟರೆ ಕಂಪನಿಯ ಎಂಜಿನಿಯರ್ ಮುಂಬೈಯಿಂದಲೋ ಕೊಚ್ಚಿಯಿಂದಲೋ ಬರಬೇಕು. ಬೀದರಿನಂಥ ಊರಿನಲ್ಲಿ ದುರಸ್ತಿ ಕೈಗೆಟುಕುವುದು ದೊಡ್ಡ ಗುಣ. ಮುಂಬೈಯ ಹಡಗುಕಟ್ಟೆಯಲ್ಲಿ ಕೂತು ತೂಗುವವರ ತಕ್ಕಡಿಯಲ್ಲಿ ಆ ಗುಣಕ್ಕೆ ಬಟ್ಟೇ ಇಲ್ಲ.

ಇನ್ನೊಂದು ಗುಂಪು ಫೋನಿನದು: ‘ಎಲ್ಲಾ ಮೊಬೈಲಿನಲ್ಲೇ ಇದೆಯಲ್ಲ’. ಇವರ ಜೊತೆ ನನ್ನ ಜಗಳ ಇನ್ನೂ ದೊಡ್ಡದು. ಫೋನು ನಕ್ಷೆಯ ಮೇಲೆ ಒಂದು ನೀಲಿ ಚುಕ್ಕೆ ಇಟ್ಟು ಸುತ್ತ ಒಂದು ವೃತ್ತ ಬರೆಯುತ್ತದೆ. ಆ ಚುಕ್ಕೆ ಉಪಗ್ರಹದಿಂದ ಬಂದದ್ದೋ, ಮೊಬೈಲ್ ಟವರಿನಿಂದ ಬಂದದ್ದೋ, ಹಿಂದಿನ ಕ್ಷಣದ್ದನ್ನೇ ಎಳೆದು ತಂದದ್ದೋ ಹೇಳುವುದಿಲ್ಲ. ಸಾಲು ಹೇಳುತ್ತದೆ. ರೇಖಾಂಶದ ಆಚೆಯ ಒಂದೇ ಒಂದು ಅಂಕಿ ನೋಡಿ: 0 ಎಂದರೆ ಸ್ಥಾನ ಗೊತ್ತಿಲ್ಲ, 1 ಎಂದರೆ ಸಾಮಾನ್ಯ ಜಿಪಿಎಸ್, 2 ಎಂದರೆ ಗಗನ್‌ನಂಥ ಉಪಗ್ರಹ ವ್ಯವಸ್ಥೆಯ ತಿದ್ದುಪಡಿ ಸಿಕ್ಕಿದೆ, 4 ಎಂದರೆ ಸೆಂಟಿಮೀಟರಿನ ಮಟ್ಟದ ಆರ್‌ಟಿಕೆ. ಅದರ ಪಕ್ಕದ 08 ಎಂಟು ಉಪಗ್ರಹ, ಆಮೇಲಿನ 1.1 ಆ ಉಪಗ್ರಹಗಳ ಹರವಿನ ಗುಣ. ತನ್ನ ಮಾತಿಗೆ ಎಷ್ಟು ಬೆಲೆ ಕೊಡಬಹುದೆಂದು ಸಾಲಿನೊಳಗೇ ಹೇಳಿಕೊಳ್ಳುವ ಪ್ರಾಮಾಣಿಕತೆ ಇದು. ನಕ್ಷೆಯ ತಂತ್ರಾಂಶಗಳೇ ಇದನ್ನು ಮುಚ್ಚಿಟ್ಟು ಎಲ್ಲಕ್ಕೂ ಒಂದೇ ಬಣ್ಣದ ದೋಣಿ ಬರೆಯುತ್ತವೆ. ಅಂಕಿ 0 ಆದ ಮೇಲೂ ಕೆಲವು ತಂತ್ರಾಂಶಗಳು ಕೊನೆಯ ಸ್ಥಾನದಲ್ಲೇ ದೋಣಿಯನ್ನು ನಿಲ್ಲಿಸಿಕೊಂಡಿರುತ್ತವೆ, ಕೆಳಗೆ ಎಕೋ ಸೌಂಡರ್ ಆಳ ಅಳೆಯುತ್ತಲೇ ಇರುತ್ತದೆ.

ಮಾನಕದಲ್ಲಿ ದೋಷವಿಲ್ಲವೆಂದು ನಾನು ಹೇಳುತ್ತಿಲ್ಲ. 4800ರ ವೇಗದಲ್ಲಿ ಸೆಕೆಂಡಿಗೆ 480 ಅಕ್ಷರ ಮಾತ್ರ ಹೋಗುತ್ತವೆ. ಒಂದು ಸಾಲಿನ ಮಿತಿ 82 ಅಕ್ಷರ. ಈಗಿನ ರಿಸೀವರ್ ನಾಲ್ಕೈದು ದೇಶಗಳ ಉಪಗ್ರಹಗಳ ಪಟ್ಟಿಯನ್ನೆಲ್ಲ ಆ ಸಣ್ಣ ಕೊಳವೆಗೆ ತುರುಕಿದರೆ ಸ್ಥಾನದ ಸಾಲು ತಡವಾಗುತ್ತದೆ. ಸೆಕೆಂಡಿಗೆ 2 ಮೀಟರ್ ಹೋಗುವ ದೋಣಿಯಲ್ಲಿ ಒಂದು ಸೆಕೆಂಡು ತಡವೆಂದರೆ ಆಳದ ಅಳತೆ 2 ಮೀಟರ್ ಹಿಂದೆ ಬೀಳುತ್ತದೆ. ಬೇಡದ ಪಟ್ಟಿಗಳನ್ನು ನಿಲ್ಲಿಸಿದರೆ ಇದು ಸರಿಹೋಗುತ್ತದೆ.

ಸುಲಭಕ್ಕೆ ಸರಿಹೋಗದ ದೋಷ ಬೇರೆ. ಈ ಅಕ್ಷಾಂಶ, ರೇಖಾಂಶ ಭೂಮಿಯ ಯಾವ ಮಾದರಿಯ ಮೇಲಿನವು ಎಂಬುದನ್ನು ಈ ಸಾಲು ಹೇಳುವುದೇ ಇಲ್ಲ. ಅದಕ್ಕೆ ಬೇರೊಂದು ಸಾಲಿದೆ, ಎಷ್ಟೋ ರಿಸೀವರುಗಳು ಅದನ್ನು ಕಳಿಸುವುದಿಲ್ಲ. ಬೀದರಿನವರಿಗೆ ಇದು ದೂರದ ಮಾತಲ್ಲ. 1815ರಲ್ಲಿ ಲ್ಯಾಂಬ್ಟನ್ ತನ್ನ ಮಹಾ ಮೋಜಣಿಗಾಗಿ ಆಧಾರರೇಖೆ ಅಳೆಸಿದ್ದು ಈ ಸೀಮೆಯಲ್ಲೇ. ಜಾರ್ಜ್ ಎವರೆಸ್ಟ್ 1830ರಲ್ಲಿ ಪ್ರಕಟಿಸಿದ ಗ್ರಂಥದ ಶೀರ್ಷಿಕೆಯಲ್ಲಿರುವ 18 ಡಿಗ್ರಿ 3 ಮಿನಿಟಿನ ಅಕ್ಷಾಂಶ ಆ ಮೋಜಣಿಯ ಠಾಣೆಯಾಗಿದ್ದ ದಾಮರಗಿಡ್ಡದ್ದು. ಅದೇ ಅಕ್ಷಾಂಶ ಭಾಲ್ಕಿಯ ಮಗ್ಗುಲಲ್ಲೇ ಹಾದುಹೋಗುತ್ತದೆ. ಅವನ ಹೆಸರಿನ ಮಾದರಿಯ ಮೇಲೆ ಬರೆದ ಸರ್ವೇ ನಕ್ಷೆಗಳನ್ನೇ ನಾವು ದೀರ್ಘಕಾಲ ಬಳಸಿದೆವು. ಜಿಪಿಎಸ್ ಮಾತಾಡುವುದು ಡಬ್ಲ್ಯುಜಿಎಸ್ 84 ಎಂಬ ಬೇರೆ ಮಾದರಿಯಲ್ಲಿ. ಹಳೆಯ ಹಾಳೆಯನ್ನು ಸ್ಕ್ಯಾನ್ ಮಾಡಿ ಅದರ ಮೇಲೆ ಇಂದಿನ ಸಾಲನ್ನು ಹಾಗೇ ಇಟ್ಟರೆ ನಮ್ಮ ಕಡೆ ನೂರು ಮೀಟರಿಗಿಂತ ಹೆಚ್ಚು ಸರಿದಿರುತ್ತದೆ. ಕೇಬಲ್ ಸರಿ, ವೇಗ ಸರಿ, ಸಾಲೂ ಸರಿ, ದೋಣಿ ಮಾತ್ರ ದಂಡೆಯ ಮೇಲಿನ ತೊಗರಿ ಹೊಲದಲ್ಲಿ. ಎತ್ತರದ ಅಂಕಿಯಲ್ಲೂ ಇಂಥದೇ ಬಲೆಯಿದೆ: ಗಣಿತದ ಭೂಮಿಗೂ ಸಮುದ್ರಮಟ್ಟಕ್ಕೂ ಇಲ್ಲಿ ಎಪ್ಪತ್ತು ಮೀಟರ್ ಆಸುಪಾಸಿನ ಅಂತರ. ಅದನ್ನು ಮಾತ್ರ ಇದೇ ಸಾಲು ಕೊನೆಯಲ್ಲಿ ಬಿಡಿಸಿ ಹೇಳುತ್ತದೆ, ಓದುವವರಿದ್ದರೆ.

ಅಳತೆಯ ಮೇಲೆ ಎಷ್ಟು ನಿಂತಿದೆ ಎಂಬುದಕ್ಕೆ ತುಂಗಭದ್ರಾ ಜಲಾಶಯವನ್ನೇ ನೋಡಿ: ಅದರ ಸಾಮರ್ಥ್ಯ 2008ರ ಸರ್ವೇಯಲ್ಲಿ 100.855 ಟಿಎಂಸಿ, 2016ರದರಲ್ಲಿ 105.788 ಟಿಎಂಸಿ. ನಡುವೆ ಸುಮಾರು ಐದು ಟಿಎಂಸಿಯಷ್ಟು ಹೂಳನ್ನು ಯಾರೂ ಎತ್ತಿ ಹಾಕಿರಲಿಲ್ಲ, ಬದಲಾದದ್ದು ಅಳತೆ. ಅಷ್ಟು ನೀರಿನ ಮೇಲೆ ಮೂರು ರಾಜ್ಯಗಳ ಹಂಚಿಕೆ ನಿಂತಿದೆ. ಹೂಳಿನ ವರದಿಗಳಲ್ಲಿ ನಮಗೆ ಕಾಣಸಿಗುವುದು ಕೊನೆಯ ಅಂಕಿ, ಬಣ್ಣದ ನಕ್ಷೆ. ಕಾರಂಜಾದಲ್ಲಿ ಮುಂದೆ ದೋಣಿ ಇಳಿದಾಗ ಆ ನಕ್ಷೆಯ ಜೊತೆಗೆ ರಿಸೀವರಿನಿಂದ ಬಂದ ಸಾಲುಗಳನ್ನೂ ತಿದ್ದದೆ, ಒಂದೂ ಬಿಡದೆ ಇಟ್ಟು ಜನರಿಗೆ ಕೊಡಬೇಕು. ಸೆಕೆಂಡಿಗೊಂದು ಸಾಲಿನಂತೆ ಎಂಟು ಗಂಟೆಯ ಕೆಲಸಕ್ಕೆ ಅವು 24 ಲಕ್ಷ ಅಕ್ಷರವೂ ಆಗುವುದಿಲ್ಲ, ಮೊಬೈಲಿನ ಒಂದು ಫೋಟೋ ಹಿಡಿಯುವಷ್ಟು ಜಾಗ ಸಾಕು. ಗುಣದ ಅಂಕಿ ಎಲ್ಲಿ 0 ಆಗಿತ್ತು, ಸ್ಥಾನ ಎಲ್ಲಿ ತಡವಾಗಿತ್ತು ಎಂದು ಭಾಲ್ಕಿಯ ಯಾವ ಎಂಜಿನಿಯರಿಂಗ್ ವಿದ್ಯಾರ್ಥಿಯೂ ಒಂದು ಸಂಜೆಯಲ್ಲಿ ಹುಡುಕಿ ತೆಗೆಯಬಲ್ಲ.