‘ಉದಾರ’ ಎಂಬ ಪದ ಮತ್ತು ಎಡಪಂಥೀಯ ವಿಮರ್ಶೆಯ ಮಿತಿ

1991ರ ಜುಲೈ ತಿಂಗಳ ಕೇಂದ್ರ ಆಯವ್ಯಯದೊಡನೆ ನೆಲೆಗೊಂಡ ಆರ್ಥಿಕ ನೀತಿಯನ್ನು ಕನ್ನಡವು ‘ಉದಾರೀಕರಣ’ವೆಂದು ಕರೆಯಿತು. ಹಿಂದಿ, ಮರಾಠಿಗಳಲ್ಲಿಯೂ ಇದೇ ಪದವಿದೆ. ತಮಿಳಿನ ‘ತಾರಾಳಮಯಮಾಕ್ಕಲ್’ ಕೂಡ ಧಾರಾಳತನವನ್ನೇ ಸೂಚಿಸುತ್ತದೆ. ತೆಲುಗು ಮಾತ್ರ ‘ಸರಳೀಕರಣ’ವೆಂಬ ಬೇರೆ ದಾರಿಯನ್ನು ಹಿಡಿದಿದೆ. ಕನ್ನಡದಲ್ಲಿ ಉದಾರಿಯೆಂದರೆ ಕೊಡುವವನು. ಈ ನೀತಿಯಲ್ಲಿ ಸಡಿಲಗೊಂಡದ್ದಾದರೋ ಬಂಡವಾಳದ ಮೇಲಿನ ನಿರ್ಬಂಧ. ಹೀಗೆ ವಾದಕ್ಕೆ ಮೊದಲೇ ಪದವು ಒಂದು ಪಕ್ಷವನ್ನು ವಹಿಸಿಬಿಟ್ಟಿದೆ. ವಿರೋಧಿಸುವವರೂ ‘ನವ ಉದಾರವಾದ’ವೆಂದೇ ಬರೆಯಬೇಕಾಗಿದೆ.

ಸಾರ್ವಜನಿಕವಾದುದನ್ನು ಕಸಿದುಕೊಂಡು ಬಂಡವಾಳವು ಬೆಳೆಯುತ್ತದೆಂಬ ಡೇವಿಡ್ ಹಾರ್ವೆಯವರ ವಿಶ್ಲೇಷಣೆ ಈ ಶತಮಾನದ ಮೊದಲ ದಶಕದಲ್ಲಿ ಪ್ರಸಿದ್ಧವಾಯಿತು. ಅದಕ್ಕೆ ಮುನ್ನವೇ, 1992ರ ಡಿಸೆಂಬರಿನಲ್ಲಿ, ಕರ್ನಾಟಕ ರಾಜ್ಯ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪೆನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಸುಟ್ಟು, ಬೀಜ ಯಾರ ಸ್ವತ್ತೆಂಬ ಪ್ರಶ್ನೆಯನ್ನು ಎತ್ತಿದ್ದರು. ಎಂ. ಡಿ. ನಂಜುಂಡಸ್ವಾಮಿಯವರ ಈ ಚಿಂತನೆ ಲೋಹಿಯಾ ಸಮಾಜವಾದದಿಂದ ಬಂದುದು. ಎಡಪಂಥೀಯ ವಿಶ್ಲೇಷಕರಲ್ಲಿ ಅನೇಕರು ಇದನ್ನು ಸಿರಿವಂತ ರೈತರ ಚಳವಳಿಯೆಂದು ಬದಿಗಿರಿಸಿದರು.

ಈ ಆಕ್ಷೇಪಣೆಯಲ್ಲಿ ಸತ್ಯಾಂಶವುಂಟು: ಬೀಜದ ಒಡೆತನವನ್ನು ಕೇಳಿದ ಸಂಘ, ಆ ಬೀಜವನ್ನು ಬಿತ್ತುವ ಕೂಲಿಯಾಳಿಗೆ ನೆಲವೆಲ್ಲಿ ಎಂಬುದನ್ನು ಅಷ್ಟೇ ಗಟ್ಟಿಯಾಗಿ ಕೇಳಲಿಲ್ಲ. ಆದರೆ ಆಕ್ಷೇಪಿಸಿದವರು ಬೀಜದ ಪ್ರಶ್ನೆಯನ್ನೇ ಕೈಬಿಟ್ಟರೆಂಬುದೂ ಸಣ್ಣ ಲೋಪವಲ್ಲ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದಾಗ, ಬೀಜ ಮತ್ತು ನೆಲ ಒಂದೇ ಪ್ರಶ್ನೆಯ ಎರಡು ಮುಖಗಳೆಂಬುದು ಸ್ಪಷ್ಟವಾಯಿತು.

ಪರ್ಯಾಯದ ಮಾತು ಬಂದಾಗ 1996ರ ಕೇರಳದ ಜನಕೀಯ ಯೋಜನೆಯನ್ನು ನೆನೆಯುವುದು ವಾಡಿಕೆ. ಎಡರಂಗದ ಸರಕಾರವು ಯೋಜನಾ ವೆಚ್ಚದ ಶೇಕಡಾ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿ, ಆದ್ಯತೆಗಳ ನಿರ್ಣಯವನ್ನು ಗ್ರಾಮಸಭೆಗೆ ತಂದಿತು. ಇದು ಬರಿಯ ಘೋಷಣೆಯಲ್ಲ, ಆಡಳಿತದ ಪ್ರಯೋಗ. ಆದರೂ ಹಣಕಾಸು, ವಿದೇಶ ವ್ಯಾಪಾರಗಳ ನೀತಿ ಕೇಂದ್ರದ ಕೈಯಲ್ಲಿರುವಾಗ ಒಂದು ರಾಜ್ಯದ ಪರ್ಯಾಯಕ್ಕೆ ಮೇರೆಯಿದ್ದೇ ಇರುತ್ತದೆ.

ಆದುದರಿಂದ ಯಾವುದೇ ಪರ್ಯಾಯವನ್ನು ಮೂರು ಪ್ರಶ್ನೆಗಳಿಂದ ಪರೀಕ್ಷಿಸಬೇಕೆಂದು ನಾವು ಭಾವಿಸುತ್ತೇವೆ: ಒಡೆತನ ಯಾರದು, ನಿರ್ಣಯ ಯಾರದು, ವೆಚ್ಚದ ಹೊರೆ ಯಾರದು? ಹೊರನಾಡಿನ ಸಂಶೋಧಕರಿಗೆ ಇಲ್ಲೊಂದು ಕೆಲಸವೂ ಇದೆ. ಚಳವಳಿಗಳ ಕರಪತ್ರ, ಭಾಷಣಗಳಲ್ಲಿ ಜನರು ಈ ನೀತಿಯನ್ನು ಯಾವ ಹೆಸರಿನಿಂದ ಕರೆದರೆಂಬುದನ್ನು ನೆರೆಭಾಷೆಗಳೊಡನೆ ಹೋಲಿಸಿ ಸಂಗ್ರಹಿಸಿದರೆ, ವಿಮರ್ಶೆಗೆ ಎರವಲಲ್ಲದ ಪರಿಭಾಷೆಯೊಂದು ದೊರೆತೀತು.