ಕಡಲಿನಿಂದ ಎದ್ದ ನೆಲದಲ್ಲಿ ಸತ್ತವರು ಯಾರು?

ನನ್ನ ಪಿಎಚ್.ಡಿ. ಪ್ರಬಂಧದ ಎರಡನೆಯ ಅಧ್ಯಾಯದ ಮೊದಲ ವಾಕ್ಯವನ್ನು ಕಳೆದ ತಿಂಗಳು ಹೊಡೆದುಹಾಕಿದೆ. ‘ತುಳುನಾಡಿನ ಚರಿತ್ರೆ ಆಳುಪರಿಂದ ಆರಂಭವಾಗುತ್ತದೆ’ ಎಂದಿತ್ತು ಅದು. ತಪ್ಪೆಂದು ಯಾರೂ ಹೇಳಿರಲಿಲ್ಲ. ಶಾಸನ ಸಿಕ್ಕಲ್ಲಿಂದ ಚರಿತ್ರೆ ಎನ್ನುವುದು ನಮಗೆಲ್ಲ ರೂಢಿ. ಹಲ್ಮಿಡಿ ಶಾಸನದಲ್ಲಿ ಆಳುಪರ ಹೆಸರು, ಏಳನೆಯ ಶತಮಾನದ ವಡ್ಡರ್ಸೆ ಶಾಸನ, ಅಲ್ಲಿಂದ ಮುಂದೆ ಅರಸರ ಸಾಲು. ಅದಕ್ಕೂ ಹಿಂದೆ ಏನು ಎಂದರೆ ಪರಶುರಾಮ ಕೊಡಲಿ ಹಿಡಿದು ನಿಂತಿರುತ್ತಾನೆ.

ಆ ಕತೆಯ ಮೇಲೆ ನನಗೆ ಸಿಟ್ಟಿಲ್ಲ. ಸಹ್ಯಾದ್ರಿಖಂಡದಲ್ಲಾಗಲಿ, ಕೇರಳೋತ್ಪತ್ತಿಯಲ್ಲಾಗಲಿ ಅದನ್ನು ಕತೆಯಾಗಿ ಓದಲು ಚೆನ್ನಾಗಿದೆ. ಆದರೆ ಅದು ಮೊದಲು ಮಾಡುವ ಕೆಲಸವನ್ನು ಗಮನಿಸಿ: ನೆಲವನ್ನು ಖಾಲಿ ಮಾಡುತ್ತದೆ. ಕಡಲು ಹಿಂದೆ ಸರಿದು ಎದ್ದ ನೆಲಕ್ಕೆ ಹಿಂದಿನ ಒಡೆಯ ಇರುವುದಿಲ್ಲವಲ್ಲ, ಹಾಗಾಗಿ ದಾನವೂ ನಿಷ್ಕಳಂಕ. ಗ್ರಾಮಪದ್ಧತಿಯಲ್ಲಿ ಮಯೂರವರ್ಮ ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು ಗ್ರಾಮಗಳನ್ನು ಹಂಚುತ್ತಾನೆ. ಯಾವ ಗ್ರಾಮ ಯಾರಿಗೆ ಎಂಬ ಲೆಕ್ಕ ಅಲ್ಲಿ ಸಿಗುತ್ತದೆ, ಆ ಗದ್ದೆಗಳಲ್ಲಿ ಅದುವರೆಗೆ ಉಳುತ್ತಿದ್ದವರ ಲೆಕ್ಕ ಸಿಗುವುದಿಲ್ಲ. ತಮಾಷೆಯೆಂದರೆ, ಸಹ್ಯಾದ್ರಿಖಂಡದ ಕತೆಯಲ್ಲಿ ಪರಶುರಾಮ ದಡದ ಮೀನುಗಾರರನ್ನೇ ಬ್ರಾಹ್ಮಣರನ್ನಾಗಿ ಮಾಡುತ್ತಾನೆ. ಆಗಷ್ಟೇ ಎದ್ದ ನೆಲದ ಅಂಚಿನಲ್ಲಿ ಈ ಮೀನುಗಾರರು ಎಲ್ಲಿಂದ ಬಂದರು? ಕತೆ ತಾನೇ ಹೇಳಿದ್ದನ್ನು ಇಲ್ಲಿ ಮರೆಯುತ್ತದೆ. ವಿಮರ್ಶಕರಿಗೆ ಕೆಲಸ ಸಿಗುವುದು ಇಂಥ ಮರೆವಿನಲ್ಲಿ.

ಆ ಮೊದಲಿನವರ ಗುರುತು ಮಣ್ಣಿನಡಿಯಲ್ಲಿದೆ. ಕಣ್ಣೂರಿನಿಂದ ತ್ರಿಶೂರಿನವರೆಗೆ ಮುರಕಲ್ಲಿನಲ್ಲಿ ಕೊರೆದ ಗೋರಿಗಳಿವೆ. ಮುರಕಲ್ಲು ನೆಲದಡಿಯಲ್ಲಿದ್ದಾಗ ಮೆದು, ಗಾಳಿಗೆ ತೆರೆದುಕೊಂಡರೆ ಗಟ್ಟಿಯಾಗುತ್ತದೆ. ಕಬ್ಬಿಣದ ಉಪಕರಣ ಹಿಡಿದ ಜನ ಈ ಗುಣ ತಿಳಿದೇ ಅದನ್ನು ಕೊರೆದರು: ಕವುಚಿಟ್ಟ ಬಟ್ಟಲಿನಂಥ ಕೋಣೆ, ಪಕ್ಕದಲ್ಲಿ ಪುಟ್ಟ ಬಾಗಿಲು, ಕೆಲವದರ ನೆತ್ತಿಯಲ್ಲಿ ಒಂದು ತೂತು, ಅದಕ್ಕೆ ಕಲ್ಲಿನ ಮುಚ್ಚಳ. ಒಳಗೆ ಕಾಲಿರುವ ಮಣ್ಣಿನ ಜಾಡಿಗಳು, ಕಬ್ಬಿಣದ ಸಾಮಾನು, ಮಣಿಗಳು, ಒಂದಿಷ್ಟು ಮೂಳೆ ಚೂರು. ಇಡೀ ದೇಹ ಅಪರೂಪ. ಹೆಣವನ್ನು ಬೇರೆಲ್ಲೋ ಇಟ್ಟು ಅಥವಾ ಸುಟ್ಟು, ಆಮೇಲೆ ಉಳಿದದ್ದನ್ನು ಆರಿಸಿ ತಂದು ಇಲ್ಲಿ ಇಡುತ್ತಿದ್ದರು. ಅಂದರೆ ಒಂದು ಸಾವಿಗೆ ಎರಡು ಸಂಸ್ಕಾರ, ನಡುವೆ ಕಾಯುವ ದಿನಗಳು. ಕಾಯಲು ಊರೊಂದು ಬೇಕು, ಕಲ್ಲು ಕೊರೆಯುವವರಿಗೆ ಅಷ್ಟು ದಿನ ಊಟ ಹಾಕುವಷ್ಟು ಬೆಳೆ ಬೇಕು. ಖಾಲಿ ನೆಲದಲ್ಲಿ ಇದಾವುದೂ ಆಗುವುದಿಲ್ಲ.

ಈ ಗೋರಿಗಳ ಬಗ್ಗೆ ಅಚ್ಚಾದ ಮೊದಲ ಬರಹಗಳಲ್ಲೊಂದು 1823ರ ಬ್ಯಾಬಿಂಗ್ಟನ್ ಲೇಖನ. ಅದರ ತಲೆಬರಹದಲ್ಲಿ ‘ಪಾಂಡೂ ಕೂಲೀಸ್’ ಎಂದಿದೆ. ಪಾಂಡವರ ಕೂಲಿಗಳು ಎಂದುಕೊಂಡು ನಾನು ಒಂದು ಇಡೀ ಸಂಜೆ ಹಾಳುಮಾಡಿದ್ದೇನೆ. ಅದು ‘ಕುಳಿ’ಯ ಇಂಗ್ಲಿಷ್ ರೂಪ. ಕೇರಳೋತ್ಪತ್ತಿಯನ್ನು ಗುಂಡರ್ಟ್ ಮಂಗಳೂರಿನಲ್ಲಿ ಅಚ್ಚುಹಾಕಿಸಿದ್ದು 1843ರಲ್ಲಿ. ಎಂದರೆ ನೆಲ ಖಾಲಿಯಿತ್ತೆನ್ನುವ ಕತೆಯ ಆ ಅಚ್ಚಿಗಿಂತ ಇಪ್ಪತ್ತು ವರ್ಷ ಮೊದಲೇ ಗೋರಿಗಳು ಅಚ್ಚಿನ ಲೋಕಕ್ಕೆ ಬಂದಿದ್ದವು. ಆದರೂ ಗೆದ್ದದ್ದು ಕತೆ. ಗೋರಿಗಳಾದರೋ ಪಾಂಡವರ ಪಾಲಾದವು. ಘಟ್ಟದ ಮೇಲೆ ಹಿರೇಬೆಣಕಲ್ಲಿನಲ್ಲೂ ಕಲ್ಮನೆಗಳು ‘ಮೋರೇರ ಮನೆ’ಗಳೇ ಆಗಿವೆ. ಎಲ್ಲ ಕಡೆ ಯಾರೋ ಬಂದು ಇದ್ದು ಹೋದವರು, ನಮ್ಮವರೆಂದು ಹೇಳುವವರಿಲ್ಲ.

ಸತ್ತವರನ್ನು ನಮ್ಮವರೆಂದು ಕಂಡ ಬರಹಕ್ಕಾಗಿ ನಾನು ಹೋದದ್ದು ಸಂಗಂ ತಮಿಳಿಗೆ. ಅದು ದೂರದ್ದಲ್ಲ, ಅಗನಾನೂರಿನ ಹದಿನೈದನೆಯ ಪದ್ಯದಲ್ಲಿ ತುಳುನಾಡಿನ ಹೆಸರೇ ಇದೆ. ಪುರನಾನೂರಿನ 256ನೆಯ ಪದ್ಯದಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣೊಬ್ಬಳು ಕುಂಬಾರನ ಬಳಿ ಮಾತಾಡುತ್ತಾಳೆ. ಹೂಳುವ ಮಡಕೆಯನ್ನು ಕೊಂಚ ಅಗಲ ಮಾಡು, ನನಗೂ ಜಾಗವಿರಲಿ ಎನ್ನುವುದು ಅವಳ ಕೋರಿಕೆ. ತಾಮ್ರಪರ್ಣಿಯ ದಂಡೆಯ ಆದಿಚ್ಚನಲ್ಲೂರಿನಲ್ಲಿ ಅಗೆದು ತೆಗೆದ ದೊಡ್ಡ ಮಡಕೆಗಳ ಚಿತ್ರ ನೋಡುವಾಗ ನಾನು ಈಗ ಬಾಯಿಯ ಅಗಲವನ್ನೇ ನೋಡುತ್ತೇನೆ. ಮಣಿಮೇಕಲೈ ಸುಡುವುದು, ಬಯಲಲ್ಲಿ ಬಿಡುವುದು, ಹೂಳುವುದು ಎಂದು ಐದು ಬಗೆಯ ಶವಸಂಸ್ಕಾರಗಳನ್ನು ಪಟ್ಟಿ ಮಾಡುತ್ತದೆ. ಸಂಶೋಧಕರೆಲ್ಲ ಉಲ್ಲೇಖಿಸುವುದು ಈ ಪಟ್ಟಿಯನ್ನು. ನನಗೆ ಕುಂಬಾರನ ಪದ್ಯವೇ ಹೆಚ್ಚು ಗಟ್ಟಿಯಾದ ಆಧಾರವಾಗಿ ಕಾಣುತ್ತದೆ. ಪಟ್ಟಿ ಪದ್ಧತಿಯನ್ನಷ್ಟೇ ಹೇಳುತ್ತದೆ. ಮಡಕೆಯ ಅಳತೆಯನ್ನು ಸತ್ತವನ ಮನೆಯವರು ಕುಂಬಾರನೊಡನೆ ಮಾತಾಡಿ ಗೊತ್ತುಮಾಡಬಹುದಿತ್ತು ಎಂದು ತಿಳಿಯುವುದು ಪದ್ಯದಿಂದ.

ಇದಕ್ಕೆ ವಿರುದ್ಧ ದಿಕ್ಕಿನ ಅವಸರವೂ ಇದೆ. ಮೂಡುಬಿದಿರೆ ಹತ್ತಿರದ ಮೂಡುಕೊಣಾಜೆಯ ಕಲ್ಮನೆಗಳನ್ನು 1980ರ ದಶಕದಲ್ಲೇ ಪುಂಡಿಕಾಯಿ ಗಣಪಯ್ಯ ಭಟ್ಟರು ಗುರುತಿಸಿದ್ದರು. ಒಂಬತ್ತಿದ್ದವು, ಸರಿಯಾಗಿ ಉಳಿದದ್ದು ಎರಡು. 2023ರಲ್ಲಿ ಅಲ್ಲಿ ಸುಟ್ಟಮಣ್ಣಿನ ಗೊಂಬೆಗಳು ಸಿಕ್ಕ ಸುದ್ದಿ ಬಂತು: ಗೂಳಿ, ನವಿಲು, ಕುದುರೆ, ಒಂದು ಹೆಣ್ಣು ರೂಪ. ಕೂಡಲೇ ಹೆಣ್ಣು ರೂಪ ‘ಮಾತೃದೇವತೆ’ಯಾಯಿತು, ಗೂಳಿಯಿಂದ ಇಂದಿನ ದೈವಾರಾಧನೆಗೆ ದಾರಿ ಸಿದ್ಧವಾಯಿತು. ಆಸೆ ನನಗೂ ಇದೆ. ಅಗನಾನೂರಿನ ಅದೇ ಪದ್ಯದ ತುಳುನಾಡಿನ ತೋಪುಗಳಲ್ಲಿ ನವಿಲುಗಳಿವೆ ಎಂದು ನೆನಪಾದಾಗ ಕೈ ನಡುಗಿತು. ಆದರೆ ಒಂದು ನವಿಲಿನಿಂದ ಇನ್ನೊಂದು ನವಿಲಿಗೆ ನೂರಾರು ವರ್ಷಗಳ ಅಂತರವಿರಬಹುದು. ನಡುವಿನದನ್ನೆಲ್ಲ ಹಾರಿ ‘ಆಗಿನಿಂದಲೂ ನಾವೇ’ ಎಂದರೆ, ಆ ಜನರನ್ನು ಮತ್ತೆ ಕಾಣದಂತೆ ಮಾಡಿದ ಹಾಗೆಯೇ. ಪರಶುರಾಮನ ಕತೆ ಅವರನ್ನು ಇಲ್ಲವಾಗಿಸಿತು, ಇದು ಅವರನ್ನು ನಮ್ಮ ಮುನ್ನುಡಿಯಾಗಿಸುತ್ತದೆ. ಮಣ್ಣಿನ ಕುದುರೆಯನ್ನು ಮಗುವೊಂದರ ಮೂಳೆಯ ಜೊತೆ ಇಟ್ಟಿರಬಹುದೇ ಎಂಬ ಪ್ರಶ್ನೆ ಕೇಳಲು ಪುರುಸೊತ್ತು ಕೊಡುವುದಿಲ್ಲ.

ಕೇಳುವಷ್ಟು ಕಾಲವೂ ಉಳಿದಿಲ್ಲ. ಕರಾವಳಿಯಲ್ಲಿ ಮನೆ ಕಟ್ಟಲು ಬೇಕಾದದ್ದೂ ಅದೇ ಮುರಕಲ್ಲು. ಹೋದ ಬೇಸಿಗೆಯಲ್ಲಿ ಒಂದು ಕೋರೆಗೆ ಹೋಗಿದ್ದೆ. ಯಂತ್ರ ಚೌಕ ಚೌಕವಾಗಿ ಕಲ್ಲು ಕೊಯ್ಯುತ್ತಿತ್ತು. ಒಳಗೆ ಟೊಳ್ಳು ಸಿಕ್ಕಿದ್ದುಂಟೇ, ಮಡಕೆ ಗಿಡಕೆ, ಎಂದು ಅಲ್ಲಿದ್ದವರನ್ನು ಕೇಳಿದೆ. ‘ಸಿಗ್ತದೆ ಅಕ್ಕ, ಒಂದೊಂದ್ಸಲ,’ ಎಂದರು. ‘ಟೊಳ್ಳು ಬಂದ್ರೆ ನಮಗೆ ಲಾಸು. ಅಷ್ಟು ಕಲ್ಲು ಕಮ್ಮಿ ಆಯ್ತಲ್ಲ.’