ಉಗಿಯಿಂದ ಎದ್ದು ಬಂದ ಕತ್ತರಿಗಳು

ಒಳ್ಳೆಯ ಆರ್ಟರಿ ಫೋರ್ಸೆಪ್ಸ್ ಒಂದನ್ನು ಬೆರಳಿಗೇರಿಸಿಕೊಂಡು ನಿಧಾನವಾಗಿ ಮುಚ್ಚಿ ನೋಡಬೇಕು. ಟಿಕ್, ಟಿಕ್, ಟಿಕ್. ಹಿಡಿಯ ಬಳಿಯ ಪುಟ್ಟ ಹಲ್ಲುಗಳು ಒಂದಕ್ಕೊಂದು ಕೂರುವಾಗ ಬರುವ ಆ ಸದ್ದಿನಲ್ಲಿ ಅವಸರವಿಲ್ಲ, ತಡವರಿಕೆಯಿಲ್ಲ. ಮೊದಲು ತುದಿಗಳು ಮುಟ್ಟುತ್ತವೆ, ಆಮೇಲೆ ಬುಡದವರೆಗೂ ಮೆಲ್ಲಗೆ ಒಂದಾಗುತ್ತವೆ. ವರ್ಷಗಟ್ಟಲೆ ಕೆಲಸ ಮಾಡಿದ ಉಕ್ಕು ಇಷ್ಟು ನಯವಾಗಿ ಉಳಿದಿದೆಯೆಂದರೆ ಅದರ ಹಿಂದೆ ಯಾರದೋ ಕೈಗುಣ ಇರಲೇಬೇಕು.

ಸರ್ಜನ್ ಆಗಿ ದುಡಿದ ನನಗೆ ಈ ರುಚಿ ಹತ್ತಿದ್ದು ಆಸ್ಪತ್ರೆಯ ಸಲಕರಣೆಗಳನ್ನು ತೊಳೆದು ಸೂಕ್ಷ್ಮಜೀವಿಮುಕ್ತಗೊಳಿಸುವ ಸಿ.ಎಸ್.ಎಸ್.ಡಿ.ಯಲ್ಲಿ. ಸಾಮಾನ್ಯವಾಗಿ ನೆಲಮಾಳಿಗೆಯಲ್ಲೋ ಥಿಯೇಟರಿನ ಹಿಂಬದಿಯಲ್ಲೋ ಇರುವ, ರೋಗಿಗಳ ಕಡೆಯವರು ಎಂದೂ ಕಾಣದ ವಿಭಾಗ ಇದು. ರಕ್ತ ಮೆತ್ತಿದ ಸಾಮಾನು ಒಂದು ಬಾಗಿಲಲ್ಲಿ ಒಳಬರುತ್ತದೆ, ಶುದ್ಧವಾದದ್ದು ಇನ್ನೊಂದರಲ್ಲಿ ಹೊರಹೋಗುತ್ತದೆ. ಎರಡರ ದಾರಿ ಎಲ್ಲೂ ಕೂಡುವಂತಿಲ್ಲ. ನಮ್ಮ ಅಜ್ಜಿಯರ ಮಡಿಗಿಂತ ಕಟ್ಟುನಿಟ್ಟು. ಆದರೆ ಯಾಕೆ ಎಂದು ಕೇಳಿದರೆ ಇಲ್ಲಿ ಸಿಟ್ಟಾಗದೆ ಹೇಳುತ್ತಾರೆ.

ಮೊದಲ ನೀರು ತಣ್ಣೀರೇ ಆಗಬೇಕು. ಬಿಸಿನೀರು ತಾಗಿದರೆ ರಕ್ತದ ಪ್ರೋಟೀನು ಗಟ್ಟಿಯಾಗಿ ಉಕ್ಕಿಗೆ ಅಂಟಿಬಿಡುತ್ತದೆ. ಸಲೈನಿನಲ್ಲಂತೂ ನೆನೆಹಾಕುವ ಹಾಗೇ ಇಲ್ಲ. ಅದರ ಉಪ್ಪು, ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವ ಕ್ರೋಮಿಯಂ ಆಕ್ಸೈಡಿನ ತೆಳುಪೊರೆಯನ್ನು ತೂರಿ ಸೂಜಿಮೊನೆಯಷ್ಟು ಗುಳಿ ಕೊರೆಯುತ್ತದೆ. ಆಮೇಲೆ ಎನ್ಜೈಮ್ ಬೆರೆಸಿದ ಉಗುರುಬೆಚ್ಚಗಿನ ನೀರು, ಮೆತ್ತನೆಯ ನೈಲಾನ್ ಬ್ರಶ್. ಕತ್ತರಿ, ಇಕ್ಕಳ ಎಲ್ಲವೂ ಬಾಯ್ತೆರೆದೇ ಮುಳುಗಬೇಕು, ಏಕೆಂದರೆ ಕೊಳೆ ಅವಿತಿರುವುದು ಕೀಲಿನಲ್ಲಿ. ಬ್ರಶ್ಶಿನ ಎಳೆಯೂ ಹೋಗದ ಆ ಸಂದಿಗೆ ಅಲ್ಟ್ರಾಸಾನಿಕ್ ತೊಟ್ಟಿಯೇ ಗತಿ. ಕಿವಿಗೆ ಕೇಳಿಸದ ಅಲೆಗಳು ನೀರಿನಲ್ಲಿ ಕಣ್ಣಿಗೆ ಕಾಣದ ಗುಳ್ಳೆಗಳನ್ನು ಹುಟ್ಟಿಸಿ ಒಡೆಯುತ್ತವೆ. ತೊಳೆದಾಯಿತು ಎಂದುಕೊಂಡಿದ್ದ ಕೀಲಿನಿಂದಲೂ ಬೂದುಬಣ್ಣದ ಒಂದು ಸಣ್ಣ ಎಳೆ ಮೇಲೇಳುತ್ತದೆ. ಅದನ್ನು ನೋಡುತ್ತ ನಿಂತರೆ ನನಗೆ ಹೊತ್ತು ಹೋದದ್ದೇ ತಿಳಿಯದು.

ಒಣಗಿದ ಮೇಲೆ ಕೀಲಿಗೆ ‘ಇನ್‌ಸ್ಟ್ರುಮೆಂಟ್ ಮಿಲ್ಕ್’. ಹಾಲಿನಂತೆ ಬೆಳ್ಳಗಿರುವ, ನೀರಿನಲ್ಲಿ ಕರಗುವ ಲೇಪ ಇದು. ಹೊಲಿಗೆ ಮಿಷನ್ನಿನ ಎಣ್ಣೆ ಇಲ್ಲಿ ನಡೆಯದು, ಉಗಿ ಅದರೊಳಗೆ ಇಳಿಯುವುದಿಲ್ಲ. ನಂತರ ಪರೀಕ್ಷೆ. ಫೋರ್ಸೆಪ್ಸನ್ನು ಮೊದಲ ಹಲ್ಲಿಗೆ ಸಿಕ್ಕಿಸಿ ಅಂಗೈಗೆ ತಟ್ಟುತ್ತಾರೆ. ತಾನಾಗಿ ಬಿಚ್ಚಿಕೊಂಡರೆ ರಿಪೇರಿಗೆ. ಕತ್ತರಿಗೆ ತೆಳುವಾದ ಲೇಟೆಕ್ಸ್ ಹಾಳೆ ಕೊಡುತ್ತಾರೆ. ತುದಿಯವರೆಗೂ ಎಲ್ಲೂ ಎಳೆಯದೆ, ಕಚ್ಚದೆ, ಸರಕ್ಕನೆ ಸೀಳಬೇಕು.

ಇನ್ನು ಕಟ್ಟು. ನನ್ನನ್ನು ಕೇಳಿದರೆ ಇಡೀ ವಿಭಾಗದ ಸೊಗಸೆಲ್ಲ ಇಲ್ಲಿದೆ. ಎರಡು ಪದರದ ಹಸಿರು ಹತ್ತಿಬಟ್ಟೆ, ಒಗೆದೊಗೆದು ಮೆತ್ತಗಾದದ್ದು, ಮೇಜಿನ ಮೇಲೆ ಓರೆಯಾಗಿ ಹಾಸಿದೆ. ನಡುವೆ ಟ್ರೇ. ತನ್ನ ಕಡೆಯ ಮೂಲೆಯನ್ನು ಮೇಲಕ್ಕೆಳೆದು ಹೊದಿಸಿ, ಅದರ ತುದಿಯನ್ನು ಹಿಂದಕ್ಕೆ ಮಡಚಿ ಒಂದು ಪುಟ್ಟ ಕಿವಿ ಮಾಡುತ್ತಾರೆ. ಎಡದ ಮೂಲೆ, ಮತ್ತೆ ಕಿವಿ. ಬಲದ್ದು, ಮತ್ತೆ ಕಿವಿ. ಕೊನೆಗೆ ಆಚೆಯದು. ಒಂದು ಸುಕ್ಕಿಲ್ಲ, ಬಿಗಿಯೂ ಇಲ್ಲ; ಬಿಗಿದರೆ ಉಗಿಗೆ ದಾರಿಯೆಲ್ಲಿ? ನಾಳೆ ಥಿಯೇಟರಿನಲ್ಲಿ ಸಿಸ್ಟರ್ ಮೊದಲು ಆಚೆಯ ಮೂಲೆ ಬಿಚ್ಚಿ, ಕೊನೆಗೆ ತನ್ನ ಕಡೆಯದನ್ನು ಎಳೆದುಕೊಳ್ಳುತ್ತಾರೆ. ಬೆರಳು ಕಿವಿಗಳನ್ನಷ್ಟೇ ಮುಟ್ಟುತ್ತದೆ, ತೋಳು ಒಮ್ಮೆಯೂ ಸಲಕರಣೆಯ ಮೇಲೆ ಹಾಯುವುದಿಲ್ಲ. ಬಿಚ್ಚುವ ಕೈಯನ್ನು ಮೊದಲೇ ಎಣಿಸಿ ಮಡಿಸಿದ ಬಟ್ಟೆ!

ಮಡಿಸಿದ ಕಟ್ಟು ಇಲ್ಲಿಂದ ಹೋಗುವುದು ಆಟೋಕ್ಲೇವಿಗೆ. 1879ರಲ್ಲಿ ಪಾಶ್ಚರ್ ಅವರ ಸಹೋದ್ಯೋಗಿ ಷಾರ್ಲ್ ಷಾಂಬರ್ಲಾನ್ ರೂಪಿಸಿದ ಉಗಿಯಂತ್ರ ಇದು. ಒಣ ಬಿಸಿಗಾಳಿಗೆ 160 ಡಿಗ್ರಿಯಲ್ಲಿ ಎರಡು ಗಂಟೆ ಹಿಡಿಯುವ ಕೆಲಸವನ್ನು ಉಗಿ 121 ಡಿಗ್ರಿಯಲ್ಲಿ, 15 ಪೌಂಡ್ ಒತ್ತಡದಲ್ಲಿ, ಅರ್ಧ ಗಂಟೆಗೆ ಮುಗಿಸುತ್ತದೆ. ತಣ್ಣಗಿನ ಉಕ್ಕನ್ನು ಮುಟ್ಟಿದ ಕ್ಷಣ ಅದು ನೀರಾಗುತ್ತ, ಒಡಲಲ್ಲಿ ಬಚ್ಚಿಟ್ಟುಕೊಂಡಿದ್ದ ಶಾಖವನ್ನೆಲ್ಲ ಧಾರೆಯೆರೆದುಬಿಡುತ್ತದೆ. ಉಗಿಯ ಹಗೆ ಎಂದರೆ ಗಾಳಿ. ಕಟ್ಟಿನೊಳಗೆ ಒಂದಿಷ್ಟು ಗಾಳಿ ಉಳಿದರೂ ಅಲ್ಲಿ ಉಗಿ ಹೊಗದು. ಅದಕ್ಕೇ ನಿರ್ವಾತ ಪಂಪಿರುವ ಯಂತ್ರಗಳಲ್ಲಿ ಬೆಳಗಿನ ಮೊದಲ ಸರದಿ ಬೋವಿ–ಡಿಕ್ ಪರೀಕ್ಷೆಯದು. 1963ರಲ್ಲಿ ಬಂದ ಪದ್ಧತಿ. ಕಟ್ಟಿನ ನಡುವಿನ ಹಾಳೆ ಅಂಚಿನಿಂದ ಅಂಚಿಗೆ ಒಂದೇ ಸಮ ಕಪ್ಪಾಗಿ ಬಂದರೆ ಗಾಳಿ ಪೂರ್ತಿ ಹೋಗಿದೆ ಎಂದರ್ಥ. ಆ ಸಮನಾದ ಕಪ್ಪು ನನ್ನ ಕಣ್ಣಿಗೆ ಬಲು ಚೆಂದ.

ಕಟ್ಟಿನ ಮೇಲಿನ ಟೇಪಿನಲ್ಲೂ ಓರೆಗೆರೆಗಳು ಕಪ್ಪಾಗುತ್ತವೆ, ಆದರೆ ಬಲ್ಲವರು ಅದಕ್ಕೆ ಮರುಳಾಗರು. ಕಟ್ಟು ಬಿಸಿಯುಂಡಿದೆ ಎಂದಷ್ಟೇ ಅದರ ಸಾಕ್ಷಿ. ನಿಜವಾದ ಪರೀಕ್ಷಕ ಜಿಯೋಬ್ಯಾಸಿಲಸ್ ಎಂಬ, ಬಿಸಿಗೆ ಸುಲಭಕ್ಕೆ ಬಗ್ಗದ ಬ್ಯಾಕ್ಟೀರಿಯಾದ ಬೀಜಕಣ. ಅದೇ ಸತ್ತರೆ ಉಳಿದವುಗಳ ಮಾತೇನು?

ಇಷ್ಟೆಲ್ಲ ಆದ ಮೇಲೂ ಕಟ್ಟನ್ನು ತಣಿಯಲು ಬಿಟ್ಟು, ಬೆರಳಿಂದ ಒತ್ತಿ ನೋಡುತ್ತಾರೆ. ಒಂದು ಬೊಟ್ಟಿನಷ್ಟು ತೇವ ಕಂಡರೂ ಆ ಕಟ್ಟು ಲೆಕ್ಕಕ್ಕಿಲ್ಲ. ಒದ್ದೆ ಬಟ್ಟೆ ಹೊರಗಿನ ಸೂಕ್ಷ್ಮಜೀವಿಗಳನ್ನು ಒಳಕ್ಕೆ ಹೀರುತ್ತದೆ. ಥಿಯೇಟರಿನಿಂದ ಫೋನಿನ ಮೇಲೆ ಫೋನು ಬರುತ್ತಿರಲಿ, ಸರ್ಜನ್ ಗ್ಲೌಸ್ ಹಾಕಿಕೊಂಡು ಕಾಯುತ್ತಿರಲಿ, ಕಟ್ಟು ಬಿಚ್ಚಿ ಒಣಬಟ್ಟೆ ಹಾಸಿ ಮತ್ತೆ ಮೊದಲ ಮೂಲೆಯಿಂದಲೇ ಮಡಿಸುತ್ತಾರೆ.